ಸಮ ನಿಂತ ಎರಡು ಕೊಳವೆ

"ಗುರುಗಳೇ, ಮನೆ ಶಾಂತವಾದ ಮೇಲೆ ಬಾ, ಆಗ ದೀಕ್ಷೆ ಕೊಡ್ತೀನಿ ಅಂದಿದ್ರಿ. ಈಗ ನಮ್ಮನೇಲಿ ಜಗಳಾನೇ ಇಲ್ಲ. ನನಗೂ ನನ್ನ ಹೆಂಡತಿಗೂ ಮಧ್ಯೆ ಒಂದು ಏರುಪೇರೂ ಇಲ್ಲ. ಇನ್ನಾದ್ರೂ ಕೊಡಬಹುದಲ್ವಾ?"

ತಿಪ್ಪೇಶ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ರು. ಮೊರವನ್ನ ಅವನ ಕಡೆಗೂ ಸ್ವಲ್ಪ ತಳ್ಳಿ, "ಬಿಡಿಸ್ತಾ ಕೇಳು" ಅಂದ್ರು.

ಒಂದು ಊರಿತ್ತು. ಊರ ಪಕ್ಕ ಹೊಳೆ ಇತ್ತು. ಹೊಳೆ ನೀರು ಕೆಸರು. ಒಬ್ಬ ಮೇಸ್ತ್ರಿ ಬಂದು ದೊಡ್ಡ ತೊಟ್ಟಿ ಕಟ್ಟಿ, ಅದರಲ್ಲಿ ಮರಳು ತುಂಬಿಸಿದ. ಮೇಲಿಂದ ಹೊಳೆ ನೀರು ಬಿಟ್ರೆ ಅದು ಮರಳಲ್ಲಿ ಇಳಿದು, ಕೆಸರು ಮೇಲೇ ಉಳಿದು, ತಳದ ತೂಬಿನಿಂದ ತಿಳಿ ನೀರು ಊರಿಗೆ ಹೋಗ್ತಿತ್ತು.

ಮೇಸ್ತ್ರಿ ತೊಟ್ಟಿ ಗೋಡೆಗೆ ಎರಡು ಗಾಜಿನ ಕೊಳವೆ ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಒಂದರ ಬಾಯಿ ಮರಳಿನ ಮೇಲಿನ ನೀರಿಗೆ, ಇನ್ನೊಂದರದ್ದು ಮರಳಿನ ಕೆಳಗಿನ ನೀರಿಗೆ. ತೊಟ್ಟಿ ನೋಡ್ಕೊಳ್ಳೋಕೆ ಊರವರು ಒಬ್ಬ ಕಾವಲುಗಾರನನ್ನ ಇಟ್ಟಿದ್ರು. ಮೇಸ್ತ್ರಿ ಅವನಿಗೆ ಹೇಳಿದ: "ನೀರು ಮರಳನ್ನ ದಾಟೋಕೆ ತಿಣುಕಬೇಕು. ಎಷ್ಟು ತಿಣುಕುತ್ತೋ ಅಷ್ಟು, ಕೆಳಗಿನ ಕೊಳವೇಲಿ ನೀರು ಮೇಲಿನದಕ್ಕಿಂತ ತಗ್ಗಿ ನಿಲ್ಲುತ್ತೆ. ಗೇಣು ತಗ್ಗಿದ್ರೆ ಪರವಾಗಿಲ್ಲ. ಮೊಳ ತಗ್ಗಿದ್ರೆ ಮರಳು ಕಟ್ಕೊಂಡಿದೆ ಅಂತ ಅರ್ಥ, ಮೇಲಿನ ಪದರ ಕೆರೆದು ತೊಳಿ. ಆದ್ರೆ ಕೊಳವೆ ಒಂದನ್ನೇ ನಂಬಬೇಡ. ತೂಬಿನ ಕೆಳಗೆ ಕೊಡ ಇಟ್ಟು, ತುಂಬೋಕೆ ಎಷ್ಟು ಹೊತ್ತು ಬೇಕು ಅಂತಲೂ ನೋಡು. ಎರಡೂ ಸೇರಿದ್ರೇನೇ ಅಳತೆ."

ಕಾವಲುಗಾರ ಸ್ವಲ್ಪ ದಿನ ಎರಡನ್ನೂ ನೋಡಿದ. ಆಮೇಲೆ ಆ ಕೊಡವನ್ನ ಯಾರೋ ಮದುವೆಗೆ ಅಂತ ಎರವಲು ತಗೊಂಡು ಹೋದ್ರು. ಮದುವೆ ಮುಗೀತು, ಮದುಮಗಳಿಗೆ ಮಗುವೂ ಆಯ್ತು, ಕೊಡ ಬರಲಿಲ್ಲ. ಕೊಳವೆ ಗೋಡೆಗೆ ಅಂಟಿತ್ತು, ಅದನ್ನ ಯಾರೂ ಎರವಲು ಕೇಳಲಿಲ್ಲ. ಅವನು ಕೊಳವೆ ಮಾತ್ರ ನೋಡ್ತಾ ಬಂದ.

ತಿಪ್ಪೇಶ ನಕ್ಕ. ಗುರುಗಳು ಇನ್ನೊಂದು ಕಾಯಿ ಬಿಡಿಸಿ ಮುಂದುವರಿಸಿದ್ರು.

ಅಮಾವಾಸ್ಯೆಗೊಮ್ಮೆ ಊರ ಹಿರಿಯರು ತೊಟ್ಟಿ ನೋಡೋಕೆ ಬರೋ ರೂಢಿ. ಕೊಳವೆಗಳ ಅಂತರ ಕಡಿಮೆ ಇದ್ರೆ ಕಾವಲುಗಾರನಿಗೆ ಒಂದು ಹಾರ, ಒಂದು ಶಾಲು. ಜಾಸ್ತಿ ಇದ್ರೆ ಬೈಗುಳ. ಒಂದು ಸಲ ಅವರು ಬಂದಾಗ ಕೊಳವೇಲಿ ನೀರು ಅಲ್ಲಾಡ್ತಿತ್ತು. ಹಿರಿಯರಲ್ಲಿ ಒಬ್ಬರಿಗೆ ಕಣ್ಣು ಮಂಜು. "ನಿಲ್ಲಿಸಯ್ಯಾ ಅದನ್ನ, ಕಾಣಿಸ್ತಿಲ್ಲ" ಅಂದ್ರು. ಕಾವಲುಗಾರ ತೂಬು ಮುಚ್ಚಿದ. ನೀರು ಹರಿಯೋದು ನಿಂತಿತು, ತಿಣುಕೋದೂ ನಿಂತಿತು. ಕೆಳಗಿನ ಕೊಳವೇಲಿ ನೀರು ಮೆಲ್ಲಗೆ ಏರಿ ಮೇಲಿನದಕ್ಕೆ ಸಮ ಆಯ್ತು. ಕೂದಲೆಳೆ ಅಂತರ ಇಲ್ಲ. ಹಿರಿಯರಿಗೆ ಭಾರಿ ಸಂತೋಷ. ಶಾಲಿನ ಜತೆ ಹಣ್ಣಿನ ಬುಟ್ಟಿಯೂ ಬಂತು.

ಆವತ್ತಿಂದ ಅದೇ ಪದ್ಧತಿ ಆಯ್ತು. ತೂಬು ಮುಚ್ಚೋದು, ಆಮೇಲೆ ಅಳೆಯೋದು. ಯಾವಾಗ ಅಳೆದ್ರೂ ಸಮ. ಸಮ ಇರೋವಾಗ ಮರಳು ತೊಳಿಯೋದು ಯಾಕೆ? ತೊಳಿಯಲಿಲ್ಲ.

ಮರಳಿನ ಮೇಲೆ ಕೆಸರು ಕಟ್ತಾ ಬಂತು. ಮೊದಮೊದಲು ತೂಬು ಮುಚ್ಚಿ ಎಲೆಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಕೊಳವೆ ಸಮ ಆಗ್ತಿತ್ತು. ಆಮೇಲೆ ಊಟ ಮಾಡಿ ಬರೋಷ್ಟು ಹೊತ್ತು ಹಿಡೀತು. ಕೊನೆಗೆ ಅಮಾವಾಸ್ಯೆಯ ಹಿಂದಿನ ದಿನಾನೇ ಮುಚ್ಚಬೇಕಾಯ್ತು. ಆವತ್ತು ಊರಿಗೆ ನೀರಿಲ್ಲ. ಜನ ಅದನ್ನ ಒಂದು ವ್ರತ ಅಂದ್ಕೊಂಡ್ರು.

ಕಾವಲುಗಾರನ ಮನೆ ಕೊನೇ ಬೀದೀಲಿ. ಅವನ ಹೆಂಡತಿ ಹೇಳಿದ್ಲು, "ರೀ, ನಮ್ಮ ಬೀದಿಗೆ ನೀರು ದಾರದ ಹಾಗೆ ಬರ್ತಿದೆ. ಒಂದು ಸಲ ನೋಡಬಾರದಾ?"

"ಸಾಧ್ಯಾನೇ ಇಲ್ಲ ಕಣೇ. ನಾನೇ ಅಳೆದು ಬಂದಿದೀನಿ, ಕೂದಲೆಳೆ ಅಂತರ ಇಲ್ಲ."

"ಹಾಗಾದ್ರೆ ಆ ಇಲ್ಲದ ಅಂತರಾನೇ ಒಂದು ಬಿಂದಿಗೆ ತುಂಬ್ಕೊಂಡು ಬನ್ನಿ, ಸಾರು ಮಾಡ್ತೀನಿ."

ಅವನು ಮುಖ ಊದಿಸ್ಕೊಂಡು ಎದ್ದು ಹೋದ. ಅವಳು ಮತ್ತೆ ಮತ್ತೆ ಹೇಳಿದ್ಲು. ಅವನು ಮತ್ತೆ ಮತ್ತೆ ಕೊಳವೆ ಮಾತು ಹೇಳಿದ. ಒಂದು ದಿನ ಅವಳು ಹೇಳೋದು ಬಿಟ್ಲು. ಬಿಂದಿಗೆ ಎತ್ಕೊಂಡು, ಎಮ್ಮೆ ಮೈ ತೊಳಿಯೋ ಗುಂಡಿಗೆ ಹೋದ್ಲು. ಕಾವಲುಗಾರ, ಸದ್ಯ, ಇವಳಿಗೂ ಅರ್ಥ ಆಯ್ತು ಅಂದ್ಕೊಂಡ.

ಅವರಿಗೆ ಒಂದು ಹೆಣ್ಣುಮಗು. ಗುಂಡಿ ನೀರು ಕುಡಿದು ಅದಕ್ಕೆ ವಾಂತಿ ಶುರುವಾಯ್ತು. ಆಮೇಲೆ ಚಳಿಜ್ವರ. ಹೊದಿಸೋಕೆ ಮನೇಲಿ ಬೇಕಾದಷ್ಟು ಶಾಲು ಇದ್ವು. ಎಲ್ಲಾನೂ ಹೊದಿಸಿದ್ರು. ಮಗು ನೀರು ಕೇಳ್ತು.

ಕಾವಲುಗಾರ ಬಿಂದಿಗೆ ಹಿಡ್ಕೊಂಡು ತೊಟ್ಟಿಗೆ ಓಡಿದ. ತೂಬು ತೆರೆದೇ ಇತ್ತು. ಬಿಂದಿಗೆ ಒಡ್ಡಿದ. ಒಂದು ತೊಟ್ಟು ಬಿತ್ತು. ಇನ್ನೊಂದು ಬೀಳೋದನ್ನ ಕಾಯ್ತಾ ತಲೆ ಎತ್ತಿದ. ಎಷ್ಟೋ ಕಾಲದ ಮೇಲೆ, ತೂಬು ತೆರೆದಿರೋವಾಗ ಕೊಳವೆ ನೋಡಿದ. ಕೆಳಗಿನದು ಬರಿದಾಗಿತ್ತು.

ಬಿಂದಿಗೆಯ ತಳ ಒದ್ದೆಯಾಗೋಷ್ಟು ನೀರು ಹಿಡಿದು ಮನೆಗೆ ಬಂದ. ಕುಡಿಯೋರು ಇರಲಿಲ್ಲ. ಹೆಂಡತಿ ಅವನನ್ನ ಏನೂ ಅನ್ನಲಿಲ್ಲ.

ಮತ್ತೆ ಅಮಾವಾಸ್ಯೆ ಬಂತು. ದುಃಖದಲ್ಲಿರೋನಿಗೆ ತೊಂದರೆ ಕೊಡೋದು ಬೇಡ ಅಂತ ಹಿರಿಯರು ಹಿಂದಿನ ದಿನ ತಾವೇ ಹೋಗಿ ತೂಬು ಮುಚ್ಚಿದ್ರು. ಕೊಳವೆ ಸಮ ಇತ್ತು. ಶಾಲನ್ನ ಅವನ ಮನೆಗೇ ಕಳಿಸಿಕೊಟ್ರು.

ತಿಪ್ಪೇಶನ ಕೈ ಮೊರದಲ್ಲೇ ನಿಂತಿತ್ತು.

"ಪಾಪ" ಅಂದ. "ಆದ್ರೆ ಗುರುಗಳೇ, ನನ್ನ ದೀಕ್ಷೆಗೂ ಇದಕ್ಕೂ..."

ಗುರುಗಳು ಮೊರವನ್ನ ತಮ್ಮ ಕಡೆ ಎಳ್ಕೊಂಡ್ರು.

"ನಿನ್ನ ಹೆಂಡತಿ ಕೊನೇ ಸಲ ನಿನ್ನ ಹತ್ರ ಏನು ಕೇಳಿದ್ಲು, ಹೇಳು."