ಬಲಗೆನ್ನೆಯ ಮಚ್ಚೆ

ಸರ್ಕಾರಿ ಹಾಸ್ಟೆಲ್ಲಿನ ಅಡುಗೆಯ ದೊಡ್ಡತಾಯಮ್ಮನಿಗೆ ತಿಂಗಳ ಕೊನೆಗೆ ನಿವೃತ್ತಿ. ಸೇವಾ ಪುಸ್ತಕ ಸರಿನೋಡಲು ಕಚೇರಿಗೆ ಕರೆಸಿದರು. ಮ್ಯಾನೇಜರ್ ವಿರೂಪಾಕ್ಷಯ್ಯ ಮೊದಲ ಪುಟದಲ್ಲೇ ಕನ್ನಡಕ ಏರಿಸಿದರು.

"ಬಲಗೆನ್ನೆ ಮೇಲೆ ಮಚ್ಚೆ ಅಂತ ಗುರುತು ಬರೆದಿದೆ. ನಿನ್ನದು ಎಡಗೆನ್ನೆಯಲ್ಲಿದೆಯಲ್ಲ?"

"ಸೇರಿದ ದಿನ ಗುಮಾಸ್ತರು ಎದುರಿಗೆ ಕೂತು ಬರೆದ್ರು ಸ್ವಾಮಿ. ಅವರ ಬಲಗಡೆಗೆ ಕಂಡದ್ದ ನನ್ನ ಬಲ ಅಂದ್ಕಂಡವ್ರೆ. ತಿದ್ಬುಡಿ."

"ಪುಸ್ತಕ ತಪ್ಪಾಗೋದಿಲ್ಲ. ನೀನೇ ದೊಡ್ಡತಾಯಮ್ಮ ಅಂತ ರುಜುವಾತು ತಾ. ಇಲ್ಲದಿದ್ದರೆ ಪಿಂಚಣಿ ಮರೆತುಬಿಡು."

ಅಂಗಲಾಚುವ ಹೆಂಗಸಲ್ಲ ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆಗ್ಲಿ ಸ್ವಾಮಿ. ಹಂಗಾದ್ರೆ ನಿವೃತ್ತಿ ಆಗೋದು ಬಲಗೆನ್ನೆಯೋಳು. ನಾನು ಒಂದನೇ ತಾರೀಕು ಯಾವತ್ತಿನಂಗೆ ಬಂದು ಒಲೆ ಹಚ್ತೀನಿ. ಅವಳನ್ನ ಹುಡುಕಿ ಮನೆಗೆ ಕಳ್ಸೋದು ನಿಮ್ಮ ಕೆಲಸ. ವರ್ಷಾವರ್ಷ 'ಇವಳು ಕೆಲಸ ಮಾಡವ್ಳೆ' ಅಂತ ರುಜು ಹಾಕಿದೋರು ನೀವೇ ಅಲ್ವಾ? ನಿಮಗೆ ಗುರುತಿರ್ತದೆ."

ವಿರೂಪಾಕ್ಷಯ್ಯನವರ ಕನ್ನಡಕ ಮೂಗಿನ ತುದಿಗೆ ಜಾರಿತು. ಪುಟ ತಿರುವಿದರೆ ಎಲ್ಲೆಲ್ಲೂ ತಮ್ಮದೇ ರುಜು! ಇಲ್ಲದ ಹೆಂಗಸಿಗೆ ಇಷ್ಟು ವರ್ಷ ಸಾಕ್ಷಿ ಹೇಳಿದವರು ತಾವೇ ಎಂದಾಯಿತು.

"ಬಾಮ್ಮ, ತಿದ್ದೋಣ," ಎಂದು ಪೆನ್ನು ತೆಗೆದರು. ಎದುರಿಗಿದ್ದ ಅವಳ ಮುಖ ನೋಡುತ್ತಾ, ಗಾಬರಿಯಲ್ಲಿ ಮತ್ತೆ 'ಬಲ' ಅಂತಲೇ ಶುರು ಮಾಡಿದರು.

"ಎದುರಿಗೆ ಕೂತರೆ ಹಿಂಗೇ ಆಗೋದು. ಎದ್ದು ಪಕ್ಕಕ್ಕೆ ಬನ್ನಿ ಸ್ವಾಮಿ."

ಅವರು ಎದ್ದರು. ಇಷ್ಟು ವರ್ಷವೂ ಆ ಕೋಣೆಯಲ್ಲಿ ನಿಂತೇ ಮಾತಾಡಿದ್ದ ದೊಡ್ಡತಾಯಮ್ಮ ಖಾಲಿಯಾದ ಕುರ್ಚಿಯಲ್ಲಿ ಕೂತಳು. ಸಾಹೇಬರು ಅವಳ ಪಕ್ಕದಲ್ಲಿ ಬಗ್ಗಿ ನಿಂತು 'ಎಡ' ಎಂದು ಬರೆಯತೊಡಗಿದರು.

"ಅವಸರ ಏನಿಲ್ಲ," ಅಂದಳು ಅವಳು, "ನಿಧಾನಕ್ಕೆ ಬರೀರಿ."