ಕಿಟಕಿಯ ಹೊರಗಿನ ತಡಿಕೆ

ಹೊಳೆ ದಡದಲ್ಲೊಂದು ಮಠ. ಮಠದ ಕಚೇರಿಗೆ ಎರಡೇ ಕೋಣೆ, ಎರಡಕ್ಕೂ ಪಡುವಣಕ್ಕೆ ಗಾಜಿನ ಕಿಟಕಿ. ಹೊತ್ತು ತಿರುಗಿತೆಂದರೆ ಬಿಸಿಲು ನೇರ ಒಳಗೆ ಬಂದು ಕೂರುತ್ತಿತ್ತು.

ಒಂದು ಕೋಣೆ ಹಿರಿಯ ಶಿಷ್ಯ ಶಿವನಂಜಯ್ಯನದು. ಹನ್ನೆರಡು ವರ್ಷದಿಂದ ಗುರುಗಳು ದಿನವೂ ಮಧ್ಯಾಹ್ನ ಅಲ್ಲೇ ಕೂತು ಭಕ್ತರ ಕಾಗದಗಳಿಗೆ ಉತ್ತರ ಬರೆಸುತ್ತಿದ್ದರು. ಆ ಒಂದು ಹೊತ್ತಿಗಾಗಿಯೇ ಅವನು ಬದುಕಿದ್ದ ಅಂದರೂ ತಪ್ಪಿಲ್ಲ.

ಈ ಬೇಸಿಗೆಯಲ್ಲಿ ಗುರುಗಳು ಪಕ್ಕದ ಕೋಣೆಗೆ ಹೋದರು. ಅದು ನಿನ್ನೆ ಮೊನ್ನೆ ಬಂದ ಗುರುಮಲ್ಲನದು.

"ಅಲ್ಲೇನಿದೆ, ಬುದ್ಧಿ?" ಕೇಳಿದ ಶಿವನಂಜಯ್ಯ.

"ತಂಪಿದೆ," ಅಂದರು ಗುರುಗಳು.

ಅವನ ಹೊಟ್ಟೆ ಉರಿದುಹೋಯಿತು. ತನ್ನ ಕಿಟಕಿಗೆ ಒಳಗಿನಿಂದ ದಪ್ಪ ಪರದೆ ಬಿಟ್ಟ. ನೆಲಕ್ಕೆ ನೀರು ಚಿಮುಕಿಸಿದ. ಕೋಣೆ ಹಬೆಯಾಡಿತೇ ಹೊರತು ತಣ್ಣಗಾಗಲಿಲ್ಲ. ಗೋಡೆಯಾಚೆ ಗುರುಗಳು ನಗುವುದು ಕೇಳಿಸುತ್ತಿತ್ತು. ತನ್ನ ಕೋಣೆಯಲ್ಲಿ ಹೀಗೆ ಯಾವತ್ತು ನಕ್ಕಿದ್ದರು? ನೆನಪಾಗಲಿಲ್ಲ.

ಹೊರಗೆ ಹೋಗಿ ನೋಡಿದ. ಗುರುಮಲ್ಲನ ಕಿಟಕಿಯ ಮುಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಬಿದಿರಿನ ತಡಿಕೆ ಕಟ್ಟಿತ್ತು. ಓಹೋ, ಇದೋ ಇವನ ಮಹಾವಿದ್ಯೆ, ಅಂದುಕೊಂಡ.

ಮರುದಿನ ಎಲ್ಲರೂ ಪ್ರಸಾದಕ್ಕೆ ಕೂತಿದ್ದಾಗ ಅದನ್ನು ಬಿಚ್ಚಿ ತಂದ. ಹೊರಗೆ ಕಟ್ಟಿದರೆ ಕಳವು ಗೊತ್ತಾದೀತು. ಅದಕ್ಕೆ ತನ್ನ ಕಿಟಕಿಯ ಒಳಗಡೆಗೇ ಕಟ್ಟಿ, ಮೇಲೆ ಪರದೆ ಎಳೆದ.

ಸ್ವಲ್ಪ ಹೊತ್ತಿಗೆ ಗುರುಮಲ್ಲ ಬಂದ. "ಅಣ್ಣಾ, ನನ್ನ ತಡಿಕೆ ಎಲ್ಲಾದರೂ ಕಂಡಿರಾ?"

"ಗಾಳಿಗೆ ಹಾರಿರಬೇಕು. ಹೊಳೆ ಕಡೆ ಹುಡುಕಿ ನೋಡು."

ಅವನು ಪಾಪ, ಉರಿಬಿಸಿಲಲ್ಲಿ ಹೊಳೆಗೆ ಹೋದ. ಇವನು ಗುರುಗಳ ಹತ್ತಿರ ಹೋಗಿ ಕೈಮುಗಿದ. "ಇವತ್ತು ನನ್ನ ಕೋಣೆಗೆ ದಯಮಾಡಿಸಬೇಕು, ಬುದ್ಧಿ. ತಂಪು ಮಾಡಿದ್ದೀನಿ."

ಗುರುಗಳು ಬಂದು ಕೂತರು. ಎರಡು ಕಾಗದ ಬರೆಸುವಷ್ಟರಲ್ಲಿ ಹಣೆ ಬೆವರಿತು. ಎದ್ದು ಪರದೆ ಸರಿಸಿದರು. ತಡಿಕೆಯ ಮೇಲೆ ಅಂಗೈ ಇಟ್ಟು, ಥಟ್ಟನೆ ಹಿಂದಕ್ಕೆ ತೆಗೆದರು.

ಶಿವನಂಜಯ್ಯ ತಲೆ ತಗ್ಗಿಸಿದ.

"ಇದೇ ತಡಿಕೆ ಅಲ್ಲಿ ತಂಪು ಕೊಡುತ್ತಿತ್ತು. ಇಲ್ಲಿ ಕಾದ ಹೆಂಚಾಗಿದೆ. ಯಾಕಯ್ಯಾ?"

"ಬಿಸಿಲು ಗಾಜು ದಾಟಿ ಬಂದಮೇಲೆ ತಡೆದು ಏನು ಬಂತು, ಬುದ್ಧಿ. ಕಾವೆಲ್ಲ ಒಳಗೇ ಉಳಿಯುತ್ತೆ. ಹೊರಗೇ ತಡೀಬೇಕಿತ್ತು."

"ಗೊತ್ತಿದ್ದೂ ನೀನು ಒಳಗೆ ಕಟ್ಟಿದೆ."

ಅವನ ಕಣ್ಣು ತುಂಬಿತು. "ಹೊಟ್ಟೆಕಿಚ್ಚು, ಬುದ್ಧಿ. ನೀವು ಅವನ ಕೋಣೆಗೆ ಹೋದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದೆ."

ಗುರುಗಳು ತಡಿಕೆ ಬಿಚ್ಚಿ ಅವನ ಕೈಗಿಟ್ಟರು. "ತಗೊಂಡು ಹೋಗಿ ಅದರ ಜಾಗದಲ್ಲಿ ಕಟ್ಟು."

ಶಿವನಂಜಯ್ಯ ಕಿಟಕಿಯಾಚೆ ನೋಡಿದ. ಗುರುಮಲ್ಲ ಬರಿಗೈಯಲ್ಲಿ ಹೊಳೆಯಿಂದ ಹತ್ತಿ ಬರುತ್ತಿದ್ದ.

"ಈಗಲೇನಾ? ಅವನಿಗೆ ಎಲ್ಲಾ ಕಾಣುತ್ತೆ, ಬುದ್ಧಿ."

"ಕಾಣಲಿ," ಅಂದರು ಗುರುಗಳು. "ಆಗಲೇ ಒಳಗೂ ತಣ್ಣಗಾಗೋದು."