ಸಾಹೇಬರ ಐಡಿ ಕಾರ್ಡು

ಗದಗಿನ ಕಾಲೇಜೊಂದಕ್ಕೆ ಮೃತ್ಯುಂಜಯಪ್ಪನವರು ಪ್ರಿನ್ಸಿಪಾಲರಾಗಿ ಬಂದರು. ಬಂದವರೇ ಆಫೀಸಿನ ಗುಮಾಸ್ತನನ್ನು ಕರೆಸಿದರು.

“ಐಡಿ ಕಾರ್ಡಿನ ಪ್ರಿಂಟರ್ ತರಿಸ್ರಿ. ಗೇಟಿಗೆ ಬಾರ್‌ಕೋಡ್ ಸ್ಕ್ಯಾನರ್ ಕೂಡಸ್ರಿ. ಐದು ನಿಮಿಷ ತಡಾ ಆದವರಿಗೆ ಅರ್ಧ ದಿನದ ರಜೆ ಕಟ್. ವಾರಕ್ಕೊಮ್ಮೆ ಪಟ್ಟಿ ಆಡಳಿತ ಮಂಡಳಿಗೆ ಹೋಗಬೇಕು. ಯಾರದೂ ಮುಲಾಜಿಲ್ಲ!”

ಕಸ ಗುಡಿಸುತ್ತಿದ್ದ ದ್ಯಾಮವ್ವ ಕಸಬರಿಗೆ ನಿಲ್ಲಿಸಿ ಗುಮಾಸ್ತನ ಕಡೆ ನೋಡಿದಳು. ಅವಳ ಊರಿನ ಬಸ್ಸು ಎಂದೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ.

ಗುಮಾಸ್ತ ತಲೆಯಾಡಿಸಿದ. “ಆಗ್ಲಿ ಸರ್. ಅಂಗಡಿಯವರು ಒಂದು ವಾರ ನೋಡಾಕ ಪುಕ್ಕಟೆ ಕೊಡ್ತಾರ್ರಿ. ಮೊದಲನೇ ಕಾರ್ಡು ನಿಮ್ಮದೇ ಆಗ್ಲಿ. ಹಿರಿಯರ ಕೈಲೆ ಸುರು ಆದ್ರ ಶುಭ.”

ಸಾಹೇಬರು ಉಬ್ಬಿಹೋದರು. ಕೋಟು ಹಾಕಿಕೊಂಡು ನಾಲ್ಕು ಸಲ ಫೋಟೋ ತೆಗೆಸಿಕೊಂಡರು. ಆಮೇಲೆ ದಿನಾ ಗೇಟಿನಲ್ಲಿ ನಿಂತು, ನಾಲ್ಕು ಜನ ನೋಡುವಂತೆ ಸ್ಕ್ಯಾನರಿಗೆ ಕಾರ್ಡು ತೋರಿಸಿ ಒಳಗೆ ಬಂದರು.

ವಾರ ಕಳೆಯಿತು. ಗುಮಾಸ್ತ ಪಟ್ಟಿ ತಂದು ಸಹಿಗೆ ಇಟ್ಟ. ಕಾಲೇಜು ಶುರುವಾಗುವುದು ಹತ್ತಕ್ಕೆ. ಪಟ್ಟಿಯಲ್ಲಿ ಸೋಮವಾರ ಹನ್ನೊಂದೂ ನಲವತ್ತು, ಮಂಗಳವಾರ ಹನ್ನೆರಡೂ ಹತ್ತು, ಬುಧವಾರ ಮಧ್ಯಾಹ್ನ ಮೂರು.

“ಏನಿದು? ಬರೇ ನನ್ನ ಹೆಸರು ಐತಿ!”

“ಕಾರ್ಡು ಇರೋದು ನಿಮ್ಮೊಬ್ಬರ ಹತ್ರನ ಅಲ್ರಿ ಸರ್. ಸಹಿ ಮಾಡ್ರಿ, ಮಂಡಳಿಗೆ ಇವತ್ತೇ ಕಳಿಸ್ತೀನಿ.”

ಸಾಹೇಬರು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಕಿಸೆಗೆ ತುರುಕಿದರು.

“ಆ ಸ್ಕ್ಯಾನರ್ ಸರಿ ಇಲ್ಲ. ಇವತ್ತೇ ವಾಪಸ್ ಕಳಿಸ್ರಿ.”

“ಪ್ರಿಂಟರ್ ಸರ್?”

ಸಾಹೇಬರು ಕೊರಳಲ್ಲಿದ್ದ ಕಾರ್ಡನ್ನು ಒಮ್ಮೆ ನೋಡಿಕೊಂಡರು.

“ಅದು ಇರಲಿ. ಫೋಟೋ ಚಲೋ ಬಂದೈತಿ.”